ಇನ್ನೂರ ಹದಿನಾಲ್ಕು ಖಾಲಿ ಮನೆ

ಅವಳಿಗೆ ಮೀಟರ್ ಅಂತ ಹೆಸರಿಟ್ಟವನು ನಾನು. ಹಾಗಾಗಿ ಅವಳ ಬಗ್ಗೆ ನಾಲ್ಕು ಮಾತು ಬರೆಯುವ ಹಕ್ಕೂ ನನಗೇ ಇದೆ. ಬೇರೆ ಯಾರಾದರೂ ಬರೆದರೆ ಅವಳನ್ನು ದೊಡ್ಡ ಸಾಧಕಿ ಮಾಡಿ, ಹಾರ ಹಾಕಿ ಕೂರಿಸಿಬಿಡುತ್ತಾರೆ. ಅವಳು ಸಾಧಕಿ ಗೀಧಕಿ ಏನಲ್ಲ. ನಗರದ ವಾದ್ಯವೃಂದದಲ್ಲಿ ಎರಡನೇ ಟ್ರಾಂಬೋನ್ ಊದುತ್ತಾಳೆ, ವಾರಕ್ಕೆ ಮೂರು ದಿನ ನಾವು ಕಲಿತ ಸಂಗೀತ ಶಾಲೆಯಲ್ಲೇ ಮಕ್ಕಳಿಗೆ ಪಾಠ ಹೇಳುತ್ತಾಳೆ, ಬಸ್ಸಿನಲ್ಲಿ ಓಡಾಡುತ್ತಾಳೆ. ಎರಡನೇ ಟ್ರಾಂಬೋನ್ ಅಂದರೆ ಏನು ಅಂತ ಕೇಳಿದರೆ ಹೇಳುತ್ತೇನೆ. ಮೊದಲನೆಯವನಿಗೆ ಎತ್ತರದ ಸ್ವರ, ಚಪ್ಪಾಳೆ. ಮೂರನೆಯವನಿಗೆ ತಗ್ಗಿನ ಸ್ವರ, ಕಿಟಕಿ ಗಾಜು ನಡುಗಿಸುವ ಖುಷಿ. ನಡುವಿನವರು ಊದಿದ್ದು ಯಾರಿಗೂ ಕೇಳಿಸುವುದಿಲ್ಲ. ಊದದಿದ್ದರೆ ಮಾತ್ರ ಏನೋ ಕಮ್ಮಿಯಾಯಿತಲ್ಲ ಅಂತ ಎಲ್ಲರೂ ತಲೆ ಎತ್ತುತ್ತಾರೆ.

ನಮ್ಮ ಕಾಲದಲ್ಲಿ ಆ ಶಾಲೆಯಲ್ಲಿ ಟ್ರಾಂಬೋನ್ ಕಲಿಯುತ್ತಿದ್ದವರು ಮೂರೇ ಜನ. ಮೊದಲನೆಯವನು ಒಂಟೆ. ಅಷ್ಟುದ್ದ ಕತ್ತು, ಅದರ ಮೇಲೆ ಯಾವಾಗಲೂ ಏನನ್ನೋ ಮೆಲ್ಲುತ್ತಿರುವ ಬಾಯಿ. ನಡುವೆ ಅವಳು. ಮೂರನೆಯವನು ನಾನು, ಪೀಪಾಯಿ. ಆ ಹೆಸರು ನನಗೆ ಯಾಕೆ ಬಂತು ಅಂತ ವಿವರಿಸುವ ಅಗತ್ಯ ಇಲ್ಲ.

ಟ್ರಾಂಬೋನ್ ನೋಡದವರಿಗೆ ಒಂದು ಮಾತು. ಹಿತ್ತಾಳೆಯ ಉದ್ದನೆಯ ವಾದ್ಯ. ಒಂದು ಕೊಳವೆಯ ಮೇಲೆ ಇನ್ನೊಂದು ಕೊಳವೆ ಜಾರುತ್ತದೆ. ಬಲಗೈಯಲ್ಲಿ ಅದನ್ನು ಮುಂದಕ್ಕೂ ಹಿಂದಕ್ಕೂ ಎಳೆದು ಸ್ವರ ಹುಡುಕಬೇಕು. ಸ್ವರ ಇಲ್ಲಿದೆ ಅಂತ ತೋರಿಸಲು ಒಂದು ಗುಂಡಿ ಇಲ್ಲ, ಒಂದು ಗೆರೆ ಇಲ್ಲ. ಮುಂದೆ ಕೂತವರ ಬೆನ್ನಿಗೆ ತಾಗಿತು ಅಂದರೆ ಜಾಸ್ತಿ ಎಳೆದಿದ್ದೀಯ ಅಂತ ಅರ್ಥ. ಕಲಿಯುವ ಕಾಲದಲ್ಲಿ ಅದರಿಂದ ಬರುವ ಸದ್ದಿನ ಬಗ್ಗೆ ನಾನು ಏನೂ ಹೇಳುವುದಿಲ್ಲ. ಎದುರು ಮನೆಯವರು ಶಾಲೆಗೆ ಬರೆದ ಅರ್ಜಿಯಲ್ಲಿ ಎಲ್ಲವೂ ಇತ್ತು.

ಆ ಅರ್ಜಿಯ ಫಲವಾಗಿ ನಮ್ಮನ್ನು ನೆಲಮಾಳಿಗೆಯ ಪಂಪಿನ ಕೋಣೆಗೆ ತಳ್ಳಿದರು. ಒಂದು ಮೂಲೆಯಲ್ಲಿ ನೀರಿನ ಪಂಪು, ಇನ್ನೊಂದು ಮೂಲೆಯಲ್ಲಿ ಕಾಲು ಮುರಿದ ಕುರ್ಚಿಗಳ ರಾಶಿ, ನಡುವೆ ನಾವು. ಪಂಪು ದಿನವಿಡೀ ಒಂದೇ ಸ್ವರದಲ್ಲಿ ಗುಂಯ್ ಅನ್ನುತ್ತಿತ್ತು. ನಮ್ಮ ಮೇಷ್ಟ್ರು ಅದಕ್ಕೇ ಶ್ರುತಿ ಸೇರಿಸಿಕೊಳ್ಳಿ ಅಂದರು. ಮೂರು ವರ್ಷ ಹಾಗೇ ಸೇರಿಸಿಕೊಂಡೆವು. ಇವತ್ತಿಗೂ ಯಾರ ಮನೆಯಲ್ಲಾದರೂ ಪಂಪು ಶುರುವಾದರೆ ನನ್ನ ತುಟಿ ತಾನಾಗಿ ಬಿಗಿಯುತ್ತದೆ. ಊದುವಾಗ ಕೊಳವೆಯೊಳಗೆ ನೀರು ಕಟ್ಟಿಕೊಳ್ಳುತ್ತದೆ, ಅದನ್ನು ಆಗಾಗ ನೆಲಕ್ಕೆ ಬಿಡಬೇಕು. ಸಂಜೆಯ ಹೊತ್ತಿಗೆ ಮೂವರ ಕುರ್ಚಿಯ ಮುಂದೆಯೂ ಒಂದೊಂದು ಮಡು. ಗುಡಿಸುವ ಅಮ್ಮ ಬಾಗಿಲಲ್ಲಿ ನಿಂತು, "ದನ ಕಟ್ಟಿದ ಜಾಗನೂ ಇಷ್ಟು ಗಲೀಜಿರಲ್ಲ ಕಣ್ರೋ" ಅಂತ ಬೈದು ಪೊರಕೆ ಅಲ್ಲೇ ಎಸೆದು ಹೋಗುತ್ತಿದ್ದಳು. ಒರೆಸುತ್ತಿದ್ದವಳು ಮೀಟರ್. ನೆಲ ಅಂದರೆ ಅವಳಿಗೆ ಸ್ವಲ್ಪ ಗೌರವ ಜಾಸ್ತಿ, ಯಾಕೆಂದರೆ ಅವಳ ಅಪ್ಪ ಟೈಲ್ಸ್ ಹಾಕುವವರು.

ಟೈಲ್ಸ್ ಕೆಲಸದಿಂದಲೇ ಅವಳಿಗೆ ಎಣಿಕೆ ಹತ್ತಿದ್ದು. ಚಿಕ್ಕವಳಿದ್ದಾಗಿನಿಂದ ರಜೆಯ ದಿನ ಅಪ್ಪನ ಜೊತೆ ಹೋಗುತ್ತಿದ್ದಳಂತೆ. ಅಪ್ಪ ಮಂಡಿಯೂರಿ ಟೈಲ್ಸ್ ಇಡುವುದು, ಇವಳು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಸಾಲು ಎಣಿಸುವುದು. ಎಣಿಸುವುದು ಅವಳಿಗೆ ಉಸಿರಾಡಿದ ಹಾಗೆ. ಮೆಟ್ಟಿಲು ಎಣಿಸುತ್ತಿದ್ದಳು, ಬಸ್ಸಿನ ಕಿಟಕಿ ಎಣಿಸುತ್ತಿದ್ದಳು, ಒಂಟೆ ಒಂದು ತುತ್ತನ್ನು ಎಷ್ಟು ಸಲ ಅಗಿಯುತ್ತಾನೆ ಅಂತ ಎಣಿಸುತ್ತಿದ್ದಳು. ಮೂವತ್ತೆಂಟು. ಬಾಡಿಗೆ ಗಾಡಿಯ ಮೀಟರ್ ಹಾಗೆ ಗಾಡಿ ನಿಂತರೂ ಅವಳದು ಓಡುತ್ತಲೇ ಇರುತ್ತಿತ್ತು.

ಈ ಗುಣದಿಂದ ನನಗೂ ಒಂಟೆಗೂ ಆದ ಅನುಕೂಲ ಅಷ್ಟಿಷ್ಟಲ್ಲ. ದೊಡ್ಡ ವಾದ್ಯವೃಂದದಲ್ಲಿ ಟ್ರಾಂಬೋನಿನವರ ಮುಖ್ಯ ಕೆಲಸ ಸುಮ್ಮನೆ ಕೂರುವುದು. ಪಿಟೀಲಿನವರು ಬೆವರು ಸುರಿಸಿ ತಿಕ್ಕುತ್ತಿರುತ್ತಾರೆ, ಕೊಳಲಿನವರ ಉಸಿರು ಕಟ್ಟಿರುತ್ತದೆ, ನಾವು ಹಿಂದಿನ ಮೆಟ್ಟಿಲ ಮೇಲೆ ಹಿತ್ತಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತೇವೆ. ನಮ್ಮ ಕಾಗದದಲ್ಲಿ ಸ್ವರ ಇರುವುದಿಲ್ಲ, ಇಷ್ಟು ಖಾಲಿ ಮನೆ ಅಂತ ಒಂದು ಸಂಖ್ಯೆ ಇರುತ್ತದೆ. ಮನೆ ಅಂದರೆ ಎರಡು ಗೆರೆಗಳ ನಡುವಿನ ಜಾಗ, ಒಂದೊಂದು ಮನೆಗೆ ನಾಲ್ಕು ಏಟು. ಒಂದು ಎರಡು ಮೂರು ನಾಲ್ಕು, ಎರಡು ಎರಡು ಮೂರು ನಾಲ್ಕು, ಮೂರು ಎರಡು ಮೂರು ನಾಲ್ಕು, ಹೀಗೆ ಮನಸ್ಸಿನಲ್ಲೇ ಎಣಿಸುತ್ತಾ ಹೋಗಬೇಕು. ಎಂಬತ್ತು ಮನೆ ಇರಬಹುದು, ನೂರಿಪ್ಪತ್ತು ಇರಬಹುದು. ಎಪ್ಪತ್ತಾರನೇ ಮನೆಯಲ್ಲಿ ಊಟದ ಯೋಚನೆ ಬಂತೋ, ಕೆಟ್ಟಿತು.

ನನಗೆ ಎಂಟನೇ ಮನೆಯಲ್ಲೇ ಊಟದ ಯೋಚನೆ ಬರುತ್ತಿತ್ತು. ಆದರೂ ನಾನು ಒಂದು ಸಲವೂ ತಪ್ಪಲಿಲ್ಲ. ಯಾಕೆಂದರೆ ನಾನು ಎಣಿಸುತ್ತಲೇ ಇರಲಿಲ್ಲ. ನಮ್ಮ ಸರದಿಗೆ ನಾಲ್ಕು ಮನೆ ಇದೆ ಅನ್ನುವಾಗ ಮೀಟರಿನ ಎಡಗಾಲಿನ ಹೆಬ್ಬೆರಳು ಚಪ್ಪಲಿಯೊಳಗಿಂದ ತಾನಾಗಿ ಮೇಲೆದ್ದು ನಿಲ್ಲುತ್ತಿತ್ತು. ಅದು ಅವಳಿಗೇ ಗೊತ್ತಿರಲಿಲ್ಲ. ಹೆಬ್ಬೆರಳು ಎದ್ದರೆ ವಾದ್ಯ ಎತ್ತು, ಕೆಳಗೆ ಬಂದರೆ ಊದು, ಇಷ್ಟೇ ನನ್ನ ಸಂಗೀತ ಶಾಸ್ತ್ರ. ಇದು ನನ್ನೊಬ್ಬನ ಗುಟ್ಟು ಅಂದುಕೊಂಡಿದ್ದೆ. ಒಂದು ದಿನ ಅಭ್ಯಾಸದ ನಡುವೆ ನನ್ನ ಕಣ್ಣೂ ಒಂಟೆಯ ಕಣ್ಣೂ ಆ ಹೆಬ್ಬೆರಳ ಮೇಲೆ ಒಟ್ಟಿಗೆ ಬಿದ್ದವು. ಇಬ್ಬರೂ ಕಳ್ಳರ ಹಾಗೆ ಮುಖ ತಿರುಗಿಸಿಕೊಂಡೆವು. ಆಮೇಲೆ ಈ ವಿಷಯ ನಾವಿಬ್ಬರೂ ಮಾತಾಡಲಿಲ್ಲ.

ಮೂರನೇ ವರ್ಷದ ನಡುವಿನಲ್ಲಿ ನಮಗೆ ಮೊದಲ ಸಲ ದೊಡ್ಡ ಕಛೇರಿಯಲ್ಲಿ ಕೂರುವ ಅವಕಾಶ ಸಿಕ್ಕಿತು. ಮೀಟರಿನ ಅಪ್ಪನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆ ದಿನ ಕೆಲಸಕ್ಕೆ ರಜೆ ಕೊಟ್ಟು, ತಮ್ಮ ಕೈಕೆಳಗಿನ ಏಳು ಜನ ಕೆಲಸಗಾರರನ್ನೂ ಇಸ್ತ್ರಿ ಅಂಗಿ ಹಾಕಿಸಿ ಕರೆದುಕೊಂಡು ಬಂದರು. ಮುಂದಿನ ಸಾಲಿನಲ್ಲಿ ಎಂಟು ಜನ, ತಲೆಗೆ ಎಣ್ಣೆ, ಉಗುರ ಸಂದಿಯಲ್ಲಿ ಸಿಮೆಂಟು. "ಆ ನಡುವೆ ಕೂತಿರೋಳೇ ನಮ್ಮ ಹುಡುಗಿ" ಅಂತ ಅವರು ಹೇಳಿದ್ದು ವೇದಿಕೆಯ ಮೇಲಿದ್ದ ನಮಗೂ ಕೇಳಿಸಿತು.

ಐವತ್ತು ನಿಮಿಷದ ಕಛೇರಿ. ಅದರಲ್ಲಿ ನಮಗೆ ಇದ್ದದ್ದು ಹನ್ನೊಂದು ಸ್ವರ.

ಹತ್ತು ನಿಮಿಷ ಆದಾಗ ಅಪ್ಪ ಮಗಳನ್ನು ನೋಡಿ ಹುಬ್ಬು ಹಾರಿಸಿದರು, ಶುರು ಮಾಡು ಅನ್ನುವ ಹಾಗೆ. ಇಪ್ಪತ್ತು ನಿಮಿಷಕ್ಕೆ ಕೈಯಲ್ಲೇ ಸನ್ನೆ ಮಾಡಿದರು. ಅರ್ಧ ಗಂಟೆಗೆ ಮುಖ ಕೆಂಪಾಯಿತು. ಕೊನೆಗೆ ನಾವು ನಮ್ಮ ಹನ್ನೊಂದು ಸ್ವರ ಊದಿ ಮುಗಿಸಿದಾಗ ಅವರು ತಲೆ ತಗ್ಗಿಸಿ ಕೂತಿದ್ದರು. ಹೊರಗೆ ಬಂದ ಮೇಲೆ ಅವರ ಹಿರಿಯ ಕೆಲಸಗಾರ ಅವರ ಬೆನ್ನು ಸವರಿ, "ಬೇಜಾರು ಮಾಡ್ಕೋಬೇಡಿ ಯಜಮಾನ್ರೇ, ಪಾಪ, ಹುಡುಗಿ ಹೊಸಬಳು. ಮುಂದಿನ ಸಲ ಕೊಡ್ತಾರೆ" ಅಂದ. ಆ ಸಮಾಧಾನದ ಮಾತೇ ಅವರಿಗೆ ಎದೆಗೆ ನಾಟಿದ್ದು.

ಮರುದಿನ ಬೆಳಿಗ್ಗೆ ಅಪ್ಪ ನೇರ ಪಂಪಿನ ಕೋಣೆಗೇ ಬಂದರು. ಒಳಗೆ ಕಾಲಿಟ್ಟವರು ಮೊದಲು ಹಿಮ್ಮಡಿಯಿಂದ ನೆಲವನ್ನು ಎರಡು ಸಲ ಕುಟ್ಟಿ ಕಿವಿಗೊಟ್ಟರು. ಅದು ಅವರ ಅಭ್ಯಾಸ. ಟೈಲ್ಸ್ ಇಟ್ಟ ಮೇಲೆ ರಬ್ಬರ್ ಸುತ್ತಿಗೆಯಿಂದ ತಟ್ಟಿ, ಸದ್ದಿನಲ್ಲೇ ಅದು ಗಟ್ಟಿ ಕೂತಿದೆಯೋ ಕೆಳಗೆ ಪೊಳ್ಳಿದೆಯೋ ಹೇಳುತ್ತಿದ್ದರು. ಮಗಳಿಗೆ ಆ ಕಿವಿ ಎಲ್ಲಿಂದ ಬಂತು ಅಂತ ನಮ್ಮ ಮೇಷ್ಟ್ರು ಆಗಾಗ ಆಶ್ಚರ್ಯಪಡುತ್ತಿದ್ದರು. ನೆಲ ಕುಟ್ಟಿದ್ದನ್ನು ನೋಡಿದ್ದರೂ ಅವರಿಗೆ ಹೊಳೆಯಲಿಲ್ಲ.

"ಪೂರ್ತಿ ಪೊಳ್ಳು" ಅಂದರು ಅಪ್ಪ, ನೆಲದ ಬಗ್ಗೆ. ಆಮೇಲೆ, "ಮೇಷ್ಟ್ರೇ, ನನ್ನ ಮಗಳು ಏನು ತಪ್ಪು ಮಾಡಿದ್ದಾಳೆ?"

"ತಪ್ಪಾ? ಏನೂ ಇಲ್ವಲ್ಲ."

"ಮುಚ್ಚಿಡಬೇಡಿ. ನಿನ್ನೆ ಎಲ್ಲರೂ ಬಾರಿಸ್ತಾ ಇದ್ರು. ಇವಳನ್ನ ಮಾತ್ರ ಶಿಕ್ಷೆ ಕೊಟ್ಟ ಹಾಗೆ ಸುಮ್ಮನೆ ಕೂರಿಸಿದ್ರಿ. ಹನ್ನೊಂದು ಸಲ ಊದಿದಳು. ನಾನು ಎಣಿಸಿದ್ದೀನಿ."

"ಇರೋದೇ ಹನ್ನೊಂದು ಯಜಮಾನ್ರೇ. ಬರೆದವರು ಹಾಗೆ ಬರೆದಿದ್ದಾರೆ."

"ಪಿಟೀಲಿನವರಿಗೆ?"

"ಅವರಿಗೆ ಸಾವಿರಾರು."

"ಅವರು ಎಷ್ಟು ವರ್ಷ ಕಲೀತಾರೆ?"

"ನಾಲ್ಕು."

"ಇವಳು?"

"ಇವಳೂ ನಾಲ್ಕು."

"ಅಂದ್ರೆ ನಮಗೆ ಮೋಸ" ಅಂದರು ಅಪ್ಪ.

ಮೇಷ್ಟ್ರು ಒಳ್ಳೆಯ ಮನುಷ್ಯ, ಆದರೆ ಮಾತು ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಗದವರು. "ನೋಡಿ, ಊದೋದು ಅರ್ಧ ಕೆಲಸ. ಸುಮ್ಮನಿರೋದು ಇನ್ನರ್ಧ. ಸುಮ್ಮನಿರೋದರಲ್ಲಿ ನಿಮ್ಮ ಮಗಳು ಈ ಶಾಲೆಗೇ ಮೊದಲು" ಅಂದುಬಿಟ್ಟರು.

ಅಪ್ಪ ಮಗಳ ಕಡೆ ತಿರುಗಿ, ನಿಧಾನವಾಗಿ ಹೇಳಿದರು: "ಸುಮ್ಮನೆ ಕೂರೋದು ಕಲಿಯೋಕೆ ನಾಲ್ಕು ವರ್ಷ ಬೇಡಮ್ಮ. ನಮ್ಮ ಹತ್ತಿರ ಬಾ. ನೀನು ಒಂದು ಸಲ ನೋಡಿದ್ರೆ ಸಾಕು, ಸಾಲು ವಾರೆ ಇದ್ದದ್ದು ಗೊತ್ತಾಗುತ್ತೆ. ನನ್ನ ಏಳು ಜನಕ್ಕೂ ಆ ಕಣ್ಣಿಲ್ಲ. ವರ್ಷದ ಕೊನೆ ಕಛೇರಿ ಒಂದು ನೋಡ್ತೀನಿ. ಅವತ್ತೂ ಇದೇ ಕಥೆ ಆದ್ರೆ, ಆ ಕೊಳವೆ ಶಾಲೆಗೆ ಒಪ್ಪಿಸಿ ಮನೆಗೆ ಬಾ. ನಾಲ್ಕನೇ ವರ್ಷ ಬೇಡ."

ಅವರು ಹೋದ ಮೇಲೆ ಮೀಟರ್ ಅತ್ತಳು. ಮೂರು ವರ್ಷದಲ್ಲಿ ಅವಳು ಅತ್ತದ್ದು ನಾನು ಕಂಡದ್ದು ಅದೊಂದೇ ಸಲ. ನನಗೆ ಅವಳ ಅಪ್ಪನ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಪಂಪಿಗೆ ಒದ್ದು ಕಾಲು ನೋಯಿಸಿಕೊಂಡೆ. ಸಿಟ್ಟಿನ ಜೊತೆ ಸ್ವಲ್ಪ ಸ್ವಾರ್ಥವೂ ಇತ್ತು. ಅವಳು ಹೋದರೆ ಹೆಬ್ಬೆರಳೂ ಹೋಗುತ್ತದೆ.

ವರ್ಷದ ಕೊನೆಯ ಕಛೇರಿಗೆ ಯಾವ ಕೃತಿ ಅಂತ ಪಟ್ಟಿ ಅಂಟಿಸಿದ ದಿನ ಮೂವರೂ ಓಡಿ ಹೋಗಿ ನೋಡಿದೆವು. ನಾಲ್ಕು ಭಾಗದ ದೊಡ್ಡ ಕೃತಿ. ಮೊದಲ ಮೂರು ಭಾಗದಲ್ಲಿ ನಮಗೆ ಏನೇನೂ ಇಲ್ಲ. ನಾಲ್ಕನೇ ಭಾಗದಲ್ಲಿ ಇನ್ನೂರ ಹದಿನಾಲ್ಕು ಖಾಲಿ ಮನೆ, ಆಮೇಲೆ ಮೆಲ್ಲಗೆ ಒಂಬತ್ತು ಸ್ವರ. ಹನ್ನೊಂದರಿಂದ ಒಂಬತ್ತಕ್ಕೆ ಇಳಿದಿದ್ದೆವು.

ಒಂಟೆ ಒಂದು ಉಪಾಯ ಹೇಳಿದ. ಉಳಿದವರು ಬಾರಿಸುವಾಗ ನಾವೂ ವಾದ್ಯವನ್ನು ಬಾಯಿಗಿಟ್ಟು, ಉಸಿರು ಬಿಡದೆ, ಕೊಳವೆ ಮಾತ್ರ ಜಾರಿಸುತ್ತಿದ್ದರಾಯಿತು. ಅಪ್ಪನಿಗೆ ಸದ್ದು ಯಾರದು ಅಂತ ಎಲ್ಲಿ ಗೊತ್ತಾಗಬೇಕು? ನನಗೆ ಇದು ಭಾರೀ ಚೆನ್ನಾಗಿದೆ ಅನ್ನಿಸಿತು. ಮುಂದಿನ ಅಭ್ಯಾಸದಲ್ಲಿ ನಾನೂ ಅವನೂ ಶುರು ಹಚ್ಚಿಕೊಂಡೆವು. ವಾದ್ಯವೃಂದ ನಡೆಸುವವರನ್ನು ನಾವು ಕೋಲಿನವರು ಅನ್ನುತ್ತಿದ್ದೆವು. ಅವರು ಎರಡೇ ನಿಮಿಷಕ್ಕೆ ಕೋಲು ಕೆಳಗಿಟ್ಟರು.

"ಟ್ರಾಂಬೋನ್ ಯಾಕೆ ಊದ್ತಾ ಇದ್ದೀರಿ?"

"ನಾವು ಊದ್ತಾ ಇಲ್ಲ ಸರ್" ಅಂದ ಒಂಟೆ.

"ನನ್ನ ಕಣ್ಣಿಗೆ ಕಾಣ್ತಾ ಇದೆಯಲ್ಲ?"

"ಕಿವಿಗೆ ಕೇಳಿಸ್ತಾ ಇದೆಯಾ ಸರ್?"

ಇಬ್ಬರನ್ನೂ ಹೊರಗೆ ಕಳಿಸಿದರು. ಅಪ್ಪನ ಎದುರು ಇಂಥ ನಾಟಕ ಆಡುವುದಾದರೆ ಇವತ್ತೇ ಕೊಳವೆ ಒಪ್ಪಿಸಿ ಹೋಗುತ್ತೇನೆ ಅಂತ ಮೀಟರ್ ನಮಗೆ ಬೈದಳು. ಅವಳಿಗೆ ಅವಳದೇ ಯೋಚನೆ ಇತ್ತು.

ಮುಂದಿನ ರಜೆಯ ದಿನ ಅವಳು ಅಪ್ಪನ ಕೆಲಸದ ಜಾಗಕ್ಕೆ ಹೋದಳು. ಸಿಮೆಂಟು ಮೂಟೆ ಹೊರಲು ಜನ ಬೇಕು ಅಂತ ನನ್ನನ್ನೂ ಎಳೆದುಕೊಂಡು ಹೋದಳು. ಹೊಸ ಮನೆಯೊಂದರ ಬಚ್ಚಲು. ಅಪ್ಪ ಮಂಡಿಯೂರಿ, ದಾರ ಕಟ್ಟಿ, ಕರಣೆಯಿಂದ ಗಾರೆ ಹರಡುತ್ತಿದ್ದರು. ಮೀಟರ್ ತನ್ನ ಫೋನಿನಲ್ಲಿ ನಾಲ್ಕನೇ ಭಾಗದ ಸಂಗೀತ ಹಾಕಿ, ಬಕೆಟ್ಟಿನೊಳಗೆ ಇಟ್ಟಳು, ಸದ್ದು ದೊಡ್ಡದಾಗಲಿ ಅಂತ.

"ಅಪ್ಪ, ನಾನು ಸುಮ್ಮನೆ ಕೂತಿರಲ್ಲ. ಎಣಿಸ್ತಾ ಇರ್ತೀನಿ."

"ಯಾರು ಬೇಕಾದ್ರೂ ಹಾಗನ್ನಬಹುದು. ಸುಮ್ಮನೆ ಕೂತೋರೂ ಎಣಿಸೋರೂ ನೋಡೋಕೆ ಒಂದೇ ಥರ ಕಾಣ್ತಾರೆ."

ಇದು ನನ್ನನ್ನು ನೋಡಿ ಹೇಳಿದ ಮಾತೇನೋ ಅನ್ನಿಸಿತು. ಮೂಟೆ ಸರಿ ಮಾಡುವ ನೆಪದಲ್ಲಿ ಆ ಕಡೆ ತಿರುಗಿದೆ.

"ಹಾಗಾದ್ರೆ ನೀವೂ ಎಣಿಸಿ" ಅಂದಳು ಮೀಟರ್. "ನಾಲ್ಕು ಏಟು ಒಂದು ಮನೆ. ಇನ್ನೂರ ಹದಿನಾಲ್ಕು ಮನೆ ಮುಗಿದ ತಕ್ಷಣ ನಾನು ಊದ್ತೀನಿ. ಕಛೇರಿ ದಿನ ನೀವು ಕೆಳಗೆ ಕೂತು ಎಣಿಸಿ, ನಾನು ಮೇಲೆ ಕೂತು ಎಣಿಸ್ತೀನಿ. ಎರಡೂ ಸರಿ ಹೋದ್ರೆ ನಾನು ಕೆಲಸ ಮಾಡ್ತಿದ್ದೀನಿ ಅಂತ ಒಪ್ಕೊಳ್ಳಿ. ತಾಳೆ ಆಗದೆ ಇದ್ರೆ ಸೋಮವಾರದಿಂದ ಕರಣೆ ಹಿಡೀತೀನಿ."

ಅಪ್ಪ ನಕ್ಕರು. ಮೂವತ್ತು ವರ್ಷ ಟೈಲ್ಸ್ ಎಣಿಸಿದವರು ಅವರು. "ಇನ್ನೂರ ಹದಿನಾಲ್ಕು ಅಂದ್ರೆ ಒಂದು ಅಡುಗೆಮನೆ" ಅಂದು ಗಾರೆಯ ಕೈಯಲ್ಲೇ ಎಣಿಸಲು ಶುರು ಮಾಡಿದರು. ಮೂವತ್ತೇಳರಲ್ಲಿ ತಪ್ಪಿತು. ಮತ್ತೆ ಹಾಕು ಅಂದರು. ಐವತ್ತೆರಡರಲ್ಲಿ ತಪ್ಪಿತು. ಮೂರನೇ ಸಲ ಇಪ್ಪತ್ತೊಂಬತ್ತರಲ್ಲೇ ತಪ್ಪಿದಾಗ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು.

"ಟೈಲ್ಸ್ ಇಟ್ಟಲ್ಲೇ ಇರುತ್ತೆ ಕಣೇ. ಮರೆತ್ರೆ ಹಿಂದೆ ತಿರುಗಿ ನೋಡಬಹುದು. ಇದು ಇಟ್ಟಿದ್ದೆಲ್ಲಾ ಮಾಯ ಆಗುತ್ತಲ್ಲ!"

ಆ ದಿನದಿಂದ ಅವರಿಗೆ ಅದೇ ಹುಚ್ಚು. ಟೈಲ್ಸ್ ನಡುವೆ ಸಂದು ಬಿಡಲು ಪ್ಲಾಸ್ಟಿಕ್ಕಿನ ಪುಟ್ಟ ಚೂರು ಇಡುತ್ತಾರಲ್ಲ, ಅಂಥವನ್ನು ಇಪ್ಪತ್ತೊಂದು ಎಣಿಸಿ ಎಡಜೇಬಿಗೆ ಹಾಕಿಕೊಂಡರು. ಹತ್ತು ಮನೆ ಆದಾಗಲೆಲ್ಲ ಒಂದನ್ನು ಬಲಜೇಬಿಗೆ ದಾಟಿಸುವುದು, ಕೊನೆಯ ನಾಲ್ಕು ಬೆರಳಲ್ಲಿ, ಮುಗಿದಾಗ ಅಂಗೈಯಿಂದ ತೊಡೆಗೆ ಒಂದು ಏಟು. ಕೆಲಸಗಾರರಿಗೆ ಮಾತಾಡಲು ಬಿಡುತ್ತಿರಲಿಲ್ಲವಂತೆ. ಒಂದು ವಾರದಲ್ಲಿ ನೂರಕ್ಕೆ ಬಂದರು, ಮೂರು ವಾರಕ್ಕೆ ನೂರಾ ಅರವತ್ತು ದಾಟಿದರು. ಕಛೇರಿಯ ಹಿಂದಿನ ದಿನದವರೆಗೂ ಪೂರ್ತಿ ಇನ್ನೂರ ಹದಿನಾಲ್ಕು ಅವರಿಗೆ ಒಂದೇ ಸಲ ಸರಿ ಬಂದದ್ದು.

"ನಿಮ್ಮಪ್ಪ ತಪ್ಪಿದ್ರೂ ನೀನೇ ತಪ್ಪಿದೆ ಅಂತ ಆಗುತ್ತಲ್ಲೇ" ಅಂದೆ ನಾನು.

"ಗೊತ್ತು" ಅಂದಳು.

ಕಛೇರಿ ಮಧ್ಯಾಹ್ನ ನಾಲ್ಕಕ್ಕೆ, ಶಾಲೆಯ ಹಳೆಯ ಸಭಾಂಗಣದಲ್ಲಿ. ಕಿಟಕಿಗಳಿಗೆ ಪರದೆ ಇರಲಿಲ್ಲ. ಹಿಂದಿನ ಎತ್ತರದ ಮೆಟ್ಟಿಲ ಮೇಲೆ ಕೂತ ನಮಗೆ ಜನರ ಮುಖವೆಲ್ಲ ಹಗಲ ಬೆಳಕಿನಲ್ಲಿ ಚೆನ್ನಾಗಿ ಕಾಣುತ್ತಿತ್ತು. ಮೂರನೇ ಸಾಲಿನಲ್ಲಿ ಅಪ್ಪ, ಪಕ್ಕದಲ್ಲಿ ಅದೇ ಹಿರಿಯ ಕೆಲಸಗಾರ, ಉಳಿದ ಆರು ಜನ. ಎಲ್ಲರೂ ಪರೀಕ್ಷೆ ಬರೆಯಲು ಬಂದವರ ಹಾಗೆ ಕೂತಿದ್ದರು.

ಮೊದಲ ಮೂರು ಭಾಗ ಮುಗಿಯಿತು. ನಾಲ್ಕನೆಯದು ಶುರುವಾಯಿತು. ನಾನು ಎಂದಿನಂತೆ ಊಟದ ಯೋಚನೆಗೆ ಇಳಿದು, ಅಭ್ಯಾಸಬಲದಿಂದ ಕೆಳಗೆ ಮೀಟರಿನ ಕಾಲು ನೋಡಿದೆ.

ಬೂಟು! ಕಛೇರಿಗೆ ಎಲ್ಲರೂ ಕಪ್ಪು ಬೂಟು ಹಾಕಬೇಕು ಅಂತ ಕೋಲಿನವರು ಆ ಸಲ ಹೊಸ ನಿಯಮ ಮಾಡಿದ್ದರು. ಹೆಬ್ಬೆರಳು ಬೂಟಿನೊಳಗಿತ್ತು.

ಒಂಟೆಯ ಕಡೆ ನೋಡಿದೆ. ಅವನೂ ಬೂಟನ್ನೇ ನೋಡುತ್ತಿದ್ದ, ಅವನ ಬಾಯಿ ಮೂರು ವರ್ಷದಲ್ಲಿ ಮೊದಲ ಸಲ ಅಗಿಯುವುದನ್ನು ನಿಲ್ಲಿಸಿತ್ತು. ಎಷ್ಟು ಮನೆ ಆಯಿತು ಅಂತ ದೇವರಿಗೇ ಗೊತ್ತು. ನಡುವಿನಿಂದ ಎಣಿಸಲು ಬರುವುದಿಲ್ಲ. ಮೀಟರಿನ ಮುಖ ನೋಡಿದರೆ ಅವಳು ಕೋಲಿನವರನ್ನೂ ನೋಡುತ್ತಿಲ್ಲ, ಕಾಗದವನ್ನೂ ನೋಡುತ್ತಿಲ್ಲ, ಸಭಾಂಗಣದ ಕಡೆ ನೋಡುತ್ತಿದ್ದಾಳೆ. ಮುಗಿಯಿತು, ಇವಳೂ ತಪ್ಪಿದಳು ಅಂದುಕೊಂಡೆ. ಅವಳ ದೃಷ್ಟಿ ಹೋದ ಕಡೆ ನನ್ನದೂ ಹೋಯಿತು. ಅಲ್ಲಿ ಅಪ್ಪ ತುಟಿ ಅಲ್ಲಾಡಿಸುತ್ತಾ, ಎಡಜೇಬಿನಿಂದ ಬಲಜೇಬಿಗೆ ಪ್ಲಾಸ್ಟಿಕ್ ಚೂರು ದಾಟಿಸುತ್ತಿದ್ದರು. ಆ ಸಭೆಯಲ್ಲಿ ಲೆಕ್ಕ ಇಟ್ಟಿದ್ದ ಏಕೈಕ ಮನುಷ್ಯ!

ಮೀಟರಿನ ಬೆನ್ನ ಹಿಂದಿನಿಂದ ಕೈ ಚಾಚಿ ಒಂಟೆಗೆ ತಿವಿದು ಕಣ್ಣಲ್ಲೇ ತೋರಿಸಿದೆ. ಇಬ್ಬರೂ ಟೈಲ್ಸ್ ಹಾಕುವವರ ಕೈಯನ್ನೇ ಗಟ್ಟಿಯಾಗಿ ನಂಬಿಕೊಂಡೆವು. ಚೂರು ಒಂದೊಂದೇ ದಾಟಿತು. ಕೊನೆಗೆ ಬೆರಳು ಮಡಿಸಲು ಶುರು ಮಾಡಿದರು. ಒಂದು. ನಾವು ವಾದ್ಯ ಎತ್ತಿದೆವು. ಎರಡು. ಮೂರು. ಅಪ್ಪನ ಅಂಗೈ ತೊಡೆಯಿಂದ ಮೇಲೆದ್ದಿತು. ಇನ್ನೊಂದು ಮನೆ ಬಾಕಿ.

ಅಷ್ಟರಲ್ಲಿ ನನ್ನ ಎಡಗಡೆಯಿಂದ ಒಂದು ಸ್ವರ ಬಂತು. ಮೆಲ್ಲಗೆ, ಒಂಚೂರೂ ನಡುಗದೆ. ಮೀಟರ್ ಊದಿದ್ದಳು. ಅವಳೊಬ್ಬಳೇ.

ಈಗ ನನ್ನ ನಾಚಿಕೆಗೇಡಿನ ಮಾತು ಹೇಳಬೇಕು. ಮೂರು ವರ್ಷ ಅವಳ ಒಂದು ಬೆರಳನ್ನು ನಂಬಿ ಬದುಕಿದವನು ನಾನು. ಅವಳು ಒಂದು ಸಲ ತಪ್ಪಿದ್ದಿಲ್ಲ. ಆದರೂ ಆ ಗಳಿಗೆಯಲ್ಲಿ, ಅಯ್ಯೋ, ಇವಳು ಮೊದಲೇ ಊದಿಬಿಟ್ಟಳಲ್ಲ, ಅಪ್ಪನ ಕೈ ಇನ್ನೂ ಮೇಲಿದೆಯಲ್ಲ ಅಂತ ಅವಳ ಮೇಲೇ ಸಂಶಯಪಟ್ಟು ಬಾಯಿ ಬಿಗಿದು ಕೂತೆ. ಒಂಟೆಯೂ ಹಾಗೇ. ಕೋಲಿನವರು ಸರಿಯಾದ ಹೊತ್ತಿಗೆ ನಮ್ಮ ಕಡೆ ತಿರುಗಿ ಸನ್ನೆ ಮಾಡಿದ್ದರಂತೆ. ಅದನ್ನು ನೋಡಲು ನಮಗೆ ಪುರುಸೊತ್ತೆಲ್ಲಿತ್ತು? ಒಂದು ಇಡೀ ಮನೆ, ನಾಲ್ಕು ಏಟು, ಆ ದೊಡ್ಡ ಸಭಾಂಗಣದಲ್ಲಿ ಯಾರಿಗೂ ಎಂದೂ ಕೇಳಿಸದ ಎರಡನೇ ಟ್ರಾಂಬೋನ್ ಒಂದೇ ಎಲ್ಲರಿಗೂ ಕೇಳಿಸಿತು.

ಅಪ್ಪನ ಕೈ ಗಾಳಿಯಲ್ಲೇ ನಿಂತಿತ್ತು. ತೊಡೆಗೆ ಏಟು ಬೀಳಲೇ ಇಲ್ಲ. ಅವರು ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ಕೇಳಿಸಿಕೊಳ್ಳುತ್ತಿದ್ದರು. ಕೊನೆಗೆ ನಾನೂ ಒಂಟೆಯೂ ಇನ್ನು ತಡೆಯಲಾರದೆ, ಬಸ್ಸು ಹೊರಟ ಮೇಲೆ ಓಡಿ ಹತ್ತುವವರ ಹಾಗೆ ಅವಳ ಸ್ವರದ ಮೇಲೆ ಹತ್ತಿಕೊಂಡೆವು. ಉಳಿದ ಎಂಟು ಸ್ವರ ಮೂವರೂ ಒಟ್ಟಿಗೆ ಊದಿದೆವು.

ಕಛೇರಿ ಮುಗಿದ ಮೇಲೆ ಜನ ಕೋಲಿನವರ ಕೈ ಕುಲುಕಿ, ಆ ಒಂದೇ ಟ್ರಾಂಬೋನ್ ಮೊದಲು ಬರುವ ಜಾಗ ಎಷ್ಟು ಚೆನ್ನಾಗಿತ್ತು ಅಂದರು. ಅವರು ಜನರಿಗೆ ಧನ್ಯವಾದ ಹೇಳುತ್ತಲೇ ನಮ್ಮಿಬ್ಬರನ್ನು ನೋಡಿದ ನೋಟ ನಾನು ಸಾಯುವವರೆಗೂ ಮರೆಯುವುದಿಲ್ಲ. ಆದರೆ ನನಗೆ ಆಗ ಅದರ ಚಿಂತೆ ಇರಲಿಲ್ಲ. ತಾಳೆ ಆಗಿರಲಿಲ್ಲ. ಮೀಟರ್ ಸೋತಿದ್ದಳು. ವಾದ್ಯವನ್ನು ಒರೆಸಿ ಪೆಟ್ಟಿಗೆಯಲ್ಲಿ ಇಡುತ್ತಿದ್ದಳು, ಅಪ್ಪ ವೇದಿಕೆಯ ಹಿಂದಿನ ಉದ್ದನೆಯ ಪಡಸಾಲೆಯ ತುದಿಯಿಂದ ಬರುತ್ತಿದ್ದರು, ಹಿಂದೆ ಏಳು ಜನ.

ಮಗಳ ಎದುರು ಬಂದು ನಿಂತರು. ಜೇಬಿನಿಂದ ಪ್ಲಾಸ್ಟಿಕ್ ಚೂರುಗಳನ್ನೆಲ್ಲ ತೆಗೆದು ಅಂಗೈಯಲ್ಲಿ ನೋಡಿಕೊಂಡರು.

"ನಾನು ಒಂದು ತಪ್ಪಿದೆ" ಅಂದರು.

ಹಿಂದೆ ತಿರುಗಿ ಒಬ್ಬನ ಕಡೆ ಬೆರಳು ತೋರಿಸಿದರು.

"ಈ ದಡ್ಡ, ನೂರಾ ನಲವತ್ತರ ಹತ್ತಿರ, ಎಷ್ಟಾಯ್ತು ಯಜಮಾನ್ರೇ ಅಂತ ಕೇಳಿದ. ಬಾಯಿ ಮುಚ್ಚೋ ಅಂದೆ. ಅಷ್ಟರಲ್ಲಿ ಒಂದು ಹೋಯ್ತು." ಹಿರಿಯ ಕೆಲಸಗಾರ ತಲೆ ತಗ್ಗಿಸಿದ.

ನನಗೆ ತಡೆಯಲಾಗಲಿಲ್ಲ. "ನೀವೇ ತಪ್ಪಿದ್ದು, ಅವಳಲ್ಲ ಅಂತ ನಿಮಗೆ ಹೇಗೆ ಗೊತ್ತಾಯ್ತು?" ಅಂದೆ.

ಅಪ್ಪ ನನ್ನನ್ನು, ಒಂಟೆಯನ್ನು, ಮೇಲಿಂದ ಕೆಳಗೆ ನೋಡಿದರು. "ಮೂವತ್ತು ವರ್ಷದಿಂದ ತಟ್ಟಿ ನೋಡ್ತಾ ಇದ್ದೀನಪ್ಪ. ಅವಳದು ಟಕ್ ಅಂತ ಕೂತ್ಕೊಳ್ತು, ಕೆಳಗೆ ಒಂದು ಸಂದು ಇರಲಿಲ್ಲ. ಆಮೇಲೆ ನೀವಿಬ್ಬರು ಬಂದ್ರಲ್ಲ," ಅಂದು ಹಿಮ್ಮಡಿಯಿಂದ ನೆಲ ಕುಟ್ಟಿದರು, "ಪೊಳ್ಳು. ನೀವು ಎಣಿಸ್ತಾನೇ ಇರಲಿಲ್ಲ. ನನ್ನ ಕೈ ನೋಡ್ತಾ ಇದ್ರಿ."

ಒಂಟೆ ಅಗಿಯಲು ಶುರು ಮಾಡಿದ. ನಾನು ಗೋಡೆ ನೋಡಿದೆ.

"ಎಷ್ಟು ಕಷ್ಟದ ಕೆಲಸಮ್ಮ ಇದು" ಅಂದರು ಅಪ್ಪ ಮಗಳಿಗೆ. "ನನಗೆ ಬೆನ್ನೆಲ್ಲಾ ಬೆವರು. ಅವತ್ತು ಐವತ್ತು ನಿಮಿಷ ನೀನು ಕೂತಿದ್ದೆ, ನಾನು ಏನೇನೋ ಅಂದುಬಿಟ್ಟೆ." ಆಮೇಲೆ ಆ ಚೂರುಗಳನ್ನೆಲ್ಲ ಅವಳ ವಾದ್ಯದ ಪೆಟ್ಟಿಗೆಯೊಳಗೆ ಸುರಿದು, ಕೆಲಸಗಾರರ ಕಡೆ ತಿರುಗಿ, "ಏನ್ರೋ ನಿಂತಿದ್ದೀರಿ? ಚಪ್ಪಾಳೆ ತಟ್ಟಿ" ಅಂದರು. ಪಡಸಾಲೆಯಲ್ಲಿ ಏಳು ಜನ ಒಣಗಿದ ಕೈಗಳಿಂದ ತಟ್ಟಿದ ಚಪ್ಪಾಳೆ ಸಭಾಂಗಣದ್ದಕ್ಕಿಂತ ಜೋರಾಗಿತ್ತು.

ಎರಡು ದಿನ ಬಿಟ್ಟು, ಪಂಪಿನ ಕೋಣೆಯಲ್ಲಿ ನಾನು ಅವಳನ್ನು ಕೇಳಿದೆ. "ನಿಮ್ಮಪ್ಪ ಒಂದು ಹಿಂದೆ ಇದ್ದಾರೆ ಅಂತ ನಿಂಗೆ ಗೊತ್ತಿತ್ತಾ?"

"ನೂರಾ ನಲವತ್ತೆರಡರಿಂದ ಗೊತ್ತಿತ್ತು. ಚೂರು ದಾಟಿಸೋದು ತಡ ಆಯ್ತಲ್ಲ."

"ಮತ್ತೆ ಅವರ ಲೆಕ್ಕಕ್ಕೇ ಕಾದು ಊದಬಹುದಿತ್ತಲ್ಲೇ? ಒಂದೇ ಒಂದು ಮನೆ. ತಾಳೆ ಆಗ್ತಿತ್ತು, ನೀನು ಗೆಲ್ತಿದ್ದೆ. ನಾವೂ ಮರ್ಯಾದೆ ಉಳಿಸಿಕೊಳ್ತಿದ್ವಿ."

ಅವಳು ನೆಲ ಒರೆಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು, ನಾನು ಏನೋ ಅರ್ಥವಿಲ್ಲದ್ದು ಕೇಳಿದೆ ಅನ್ನುವ ಹಾಗೆ.

"ಅಲ್ಲಿ ಇನ್ನೂರ ಹದಿನಾಲ್ಕು ಇತ್ತು ಕಣೋ" ಅಂದಳು.